ಕೈಬಿಟ್ಟ ಮಾತು

ವೂಚ್ ಅಂದರೆ ಇಲ್ಲಿಯ ಭಾಷೆಯಲ್ಲಿ ದೋಣಿ.
ಹುಟ್ಟು ಹಾಕೋಣವೆಂದರೆ ಊರಲ್ಲೊಂದು ಹೊಳೆ ಕಾಣದು;
ಗಿರಣಿಗಳ ಕಾಲದಲ್ಲಿ ಎಲ್ಲವನ್ನೂ ಕೊಳವೆಗೆ ತುರುಕಿ
ಮೇಲೆ ಕಲ್ಲು ಹಾಸಿದರಂತೆ.
ಈಗಲೂ ಕಾಲಡಿ ಹರಿಯುತ್ತವೆ, ರಾತ್ರಿ ಸದ್ದು ಕೇಳುತ್ತದೆ
ಅನ್ನುತ್ತಾರೆ. ನನಗೆ ತಿಳಿಯದು.
ನಾನು ಹುಟ್ಟು ಕಿವುಡಿ.

ನವೆಂಬರಿನ ಶನಿವಾರ. ಮೂರು ಕಿಲೊ ಆಲೂಗಡ್ಡೆ,
ಅರ್ಧ ರೈ ರೊಟ್ಟಿ, ಸೊಸೆ ಹೇಳಿದ ಸಬ್ಬಸಿಗೆ.
ಎರಡೂ ಕೈ ತುಂಬಿ, ಅಂದರೆ ಬಾಯಿ ಕಟ್ಟಿ,
ಟ್ರಾಮ್ ನಿಲ್ದಾಣದಲ್ಲಿ ನಿಂತಿದ್ದೆ.
ಹಳಿಗಳ ಆಚೆ ಬಿಸ್ಕತ್ತು ಬಣ್ಣದ ಕೋಟು, ನನ್ನಷ್ಟೇ ಮುದುಕಿ,
ಪಕ್ಕದ ಹುಡುಗನಿಗೆ ಕೈಯಲ್ಲಿ ಏನೋ ಹೇಳುತ್ತಿದ್ದಳು.
ಅದರಲ್ಲೇನು, ಕಿವುಡರು ಊರಲ್ಲಿ ಬೇಕಾದಷ್ಟು.
ಆದರೆ ಅವಳು ರೊಟ್ಟಿ ಅಂದದ್ದು
ಬಲಗಿವಿಯ ಹಿಂದೆ ಹೆಬ್ಬೆರಳನ್ನು ಎರಡು ಸಲ ಉಜ್ಜಿ.

ಆ ರೊಟ್ಟಿ ಯಾವ ನಿಘಂಟಿನಲ್ಲೂ ಇಲ್ಲ.
ಅದನ್ನು ಬೇಯಿಸಿದ್ದು ನಾವು, ಹದಿನಾಲ್ಕು ಹುಡುಗಿಯರು,
ಹಾಸ್ಟೆಲಿನ ಮೂರನೇ ಮಹಡಿಯಲ್ಲಿ,
ಎದುರಿನ ಗಿರಣಿಯ ರಾತ್ರಿಪಾಳಿ ಚೆಲ್ಲಿದ ಬೆಳಕಿನಲ್ಲಿ.
ಹಗಲು ಕೈಮಾತು ಕೂಡದು. ಹಗಲೆಲ್ಲ ಅಂಗೈ ಮೇಲೆ ಕೂತು
ಕನ್ನಡಿ ನೋಡುತ್ತ ಪ, ಬ ಅನ್ನಬೇಕು;
ಟೀಚರ ಕೊರಳಿಗೆ ಬೆರಳಿಟ್ಟು
ಅಲ್ಲಿ ನಡುಗುವುದೇ ಭಾಷೆ ಎಂದು ಒಪ್ಪಬೇಕು.
ಅಡುಗೆಯವನು ಕಿವಿಗೆ ಸಿಗರೇಟು ಸಿಕ್ಕಿಸಿಕೊಂಡು
ಚೂರು ಚೂರೇ ಹಂಚುತ್ತಿದ್ದ. ಅದಕ್ಕೇ ಕಿವಿ.

ಉರ್ಶೂಲಾ.
ಕಾಗದದ ಮೇಲೆ ಹಾಗೆ. ನಮಗವಳು ಗದ್ದದ ಮೇಲೊಂದು ಗೀರು:
ಹಿಮದ ಜಾರುಬಂಡಿ, ಏಳು ಹೊಲಿಗೆ.
ನಾನು ತೆಕ್ಲಾ; ಕೋಟಿನ ಗುಂಡಿ ಅಗಿಯುವವಳು.

ಚೀಲ ಕೆಳಗಿಟ್ಟೆ. ಗದ್ದದ ಮೇಲೆ ಗೀರೆಳೆದೆ.
ಆಚೆಯಿಂದ ತಡೆದು ತಡೆದು
ಗುಂಡಿ ಬಂತು, ಹಲ್ಲುಗಳ ನಡುವೆ.

ಕೇಳುವ ಜನರಾಗಿದ್ದರೆ ಕೂಗಬೇಕಿತ್ತು.
ನಾವು ನಾಲ್ಕು ಕಂಬಿ ದಾಟಿಸಿ ಪಿಸುಮಾತಾಡಿದೆವು.
ಗಂಡ? ಹೋದ. ಕೆಲಸ? ದಾರದ ಗಿರಣಿ, ಮುಚ್ಚುವ ತನಕ.
ಸೊಂಟ? ಕೇಳಬೇಡ.
ನಿನ್ನ ಕೈ ತೊದಲುತ್ತದಲ್ಲೇ, ಅಂದಳು.
ಸಂಧಿವಾತ, ಅಂದೆ.

ಆಮೇಲೆ, ಯಾಕೋ, ಅದನ್ನೂ ಹೇಳಿಬಿಟ್ಟೆ.
ಮೇಟ್ರನ್ ಟಾರ್ಚು ಹಿಡಿದು ಬಂದ ರಾತ್ರಿ,
ಯಾರು ಶುರು ಮಾಡಿದ್ದು ಎಂದು ತುಟಿ ಅಗಲಿಸಿ ಕೇಳಿದಾಗ
ಹದಿನಾಲ್ಕು ಜನ ಕೈಕಟ್ಟಿ ಕೂತಿದ್ದೆವು.
ಅಲ್ಲ, ಹದಿಮೂರು. ಒಂದು ಬೆರಳು ಎದ್ದಿತ್ತು.
ಬೆಳಿಗ್ಗೆ ಅವಳ ಹಾಸಿಗೆ ಸುತ್ತಿಟ್ಟಿದ್ದರು.
ತೋರುಬೆರಳಿಗೆ ನಮ್ಮಲ್ಲಿ ಬೇರೆ ಅರ್ಥವಿಲ್ಲ,
ನೀನು, ಅವಳು, ಅದು, ಬರೀ ಸರ್ವನಾಮ
ಎಂದು ನಲವತ್ತೊಂಬತ್ತು ವರ್ಷ
ನನಗೆ ನಾನೇ ವ್ಯಾಕರಣ ಹೇಳಿಕೊಂಡಿದ್ದೇನೆ.

ಅವಳ ಕೈ ಎದೆಯಿಂದ ಮೇಲೇಳುತ್ತಿತ್ತು.
ಅಷ್ಟರಲ್ಲಿ ನಡುವೆ ಟ್ರಾಮ್ ಬಂದು ನಿಂತಿತು.
ಹಬೆ ಹಿಡಿದ ಗಾಜು, ಟೊಪ್ಪಿಗಳು, ಯಾರದೋ ನಾಯಿ;
ಸಂದಿಯಲ್ಲಿ ಅವಳ ಮಣಿಕಟ್ಟು, ಒಮ್ಮೆ ಎರಡು ಬೆರಳು.
ರಾತ್ರಿ ಅಂದಳೋ, ಮರೆತೆ ಅಂದಳೋ.
ಅಕ್ಕಪಕ್ಕದಲ್ಲೇ ಇವೆ ಅವೆರಡೂ, ನಮ್ಮ ಮಹಡಿಯ ಮಾತಿನಲ್ಲಿ.

ಟ್ರಾಮ್ ಸರಿಯಿತು. ಆಚೆ ಯಾರೂ ಇಲ್ಲ.
ಹತ್ತಿಕೊಂಡು ಹೋದಳು. ಸರಿಯೇ ಅನ್ನಿಸಿತು.
ಚೀಲ ಎತ್ತಲು ಬಗ್ಗಿದರೆ
ಎದುರಿಗೆ ಎರಡು ಕಂದು ಬೂಟು,
ಹಿಂದೆ ಎರಡು ಪುಟ್ಟ ಬೂಟು, ಲೇಸು ಬಿಚ್ಚಿದ್ದು.

ಉರ್ಶೂಲಾ ತೋರುಬೆರಳು ಎತ್ತಿ
ನನ್ನೆಡೆಗೆ ಹಿಡಿದಳು. ಹಿಡಿದೇ ಇದ್ದಳು.
ನೀನು.
ಎಷ್ಟು ಹೊತ್ತೋ. ಕೆಂಪು ದೀಪ ಹಸಿರಾಗಿ ಮತ್ತೆ ಕೆಂಪಾಯಿತು.
ಆಮೇಲೆ ಆ ಕೈ ಕಿವಿಯ ಹಿಂದೆ ಹೋಯಿತು.

ಅರ್ಧ ರೊಟ್ಟಿ ಹೊರತೆಗೆದು ಮುರಿದೆ.
ಹುಡುಗ ಗಟ್ಟಿ ತುದಿಯೇ ಬೇಕೆಂದ,
ಎಡಗಿವಿ ಉಜ್ಜಿ, ಕಿರುಬೆರಳಲ್ಲಿ.
ಅದು ಹಾಗಲ್ಲ.
ನಾವಿಬ್ಬರೂ ತಿದ್ದಲು ಹೋಗಲಿಲ್ಲ.